ಬ್ಯಾಟರಿ ಮಿತಿಯೊಳಗೆ ಬೇಗ ಮುಟ್ಟಿಸುವ ದಾರಿ: ದಾರಿ ಇದ್ದರೂ ಡೈಕ್ಸ್ಟ್ರಾ ‘ಇಲ್ಲ’ ಅನ್ನುತ್ತಿದೆ

ದಾರಿಹೋಕ_75

ಬೆಂಗಳೂರಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಮೇಲೆ ಮಂಗಳೂರಿಗೆ ಎಲೆಕ್ಟ್ರಿಕ್ ಕಾರಿನ ದಾರಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪೈಥಾನ್. ರಸ್ತೆಜಾಲ ಓಪನ್‌ಸ್ಟ್ರೀಟ್‌ಮ್ಯಾಪ್‌ನದು, ಎತ್ತರ ಎಸ್‌ಆರ್‌ಟಿಎಂ ಎಂಬ ರೇಡಾರ್ ಅಳತೆಯ ದತ್ತಾಂಶದ್ದು. ಜಂಕ್ಷನ್, ತಿರುವುಗಳು ನೋಡ್, ಅವುಗಳ ನಡುವಿನ ರಸ್ತೆಯ ತುಂಡು ಎಡ್ಜ್, ಇಡೀ ಜಾಲ ಗ್ರಾಫ್. ಬ್ಯಾಟರಿ 30 ಯೂನಿಟ್ (ಕಿಲೋವ್ಯಾಟ್-ಗಂಟೆ), ಅದರಲ್ಲಿ 10% ಮುಟ್ಟಬಾರದು. ಒಟ್ಟು ಸಮಯ ಕಡಿಮೆ ಆಗಬೇಕು, ಚಾರ್ಜ್ ಸೊನ್ನೆಗಿಂತ ಕೆಳಗೆ ಎಲ್ಲೂ ಹೋಗಬಾರದು.

ನಾಲ್ಕು ಕಡೆ ಸಿಕ್ಕಿಕೊಂಡಿದೆ:

ಸಮಯವನ್ನು ಬೆಲೆಯಾಗಿ ಇಟ್ಟು ಡೈಕ್ಸ್ಟ್ರಾ (ಅತಿ ಕಡಿಮೆ ಬೆಲೆಯ ದಾರಿ ಹುಡುಕುವ ವಿಧಾನ) ಓಡಿಸಿ, ಚಾರ್ಜ್ ಮುಗಿಯುವ ಎಡ್ಜುಗಳನ್ನು ಬಿಟ್ಟರೆ ಕೆಲವು ಸಲ ‘ದಾರಿ ಇಲ್ಲ’ ಎಂದು ಬರುತ್ತದೆ. ಕೈಯಲ್ಲಿ ಲೆಕ್ಕ ಹಾಕಿದರೆ ದಾರಿ ಇದೆ.

ಹಾಗಾಗಿ (ನೋಡ್, ಚಾರ್ಜ್) ಜೋಡಿಯನ್ನೇ ಸ್ಥಿತಿ ಮಾಡಿ ಚಾರ್ಜನ್ನು 0.1 ಯೂನಿಟ್ ಮೆಟ್ಟಿಲುಗಳಾಗಿ ಕತ್ತರಿಸಿದೆ. ಈಗ ಕಾರು ನೆಲಮಂಗಲ ದಾಟುವುದೇ ಇಲ್ಲ.

ಘಾಟಿ ಇಳಿಯುವ ಎಡ್ಜುಗಳಲ್ಲಿ ಬ್ಯಾಟರಿಗೆ ಚಾರ್ಜ್ ವಾಪಸ್ ಬರುವುದರಿಂದ ಖರ್ಚು ಋಣಾತ್ಮಕ. ಋಣ ಎಡ್ಜ್ ಇದ್ದರೆ ಡೈಕ್ಸ್ಟ್ರಾ ನಡೆಯಲ್ಲ ಅಂತಾರೆ, ಬೆಲ್‌ಮನ್-ಫೋರ್ಡ್ (ಋಣ ಎಡ್ಜಿಗೂ ನಡೆಯುವ ವಿಧಾನ) ತೀರಾ ನಿಧಾನ.

ಚಾರ್ಜಿಂಗ್ ಜಾಗದಲ್ಲಿ ಯಾವಾಗಲೂ ಫುಲ್ ಮಾಡಿಸುತ್ತಿದ್ದೇನೆ. ಒಟ್ಟು ಸಮಯ ವಿಪರೀತ ಬರುತ್ತಿದೆ.

---

ಶೂನ್ಯಸೂಚ್ಯಂಕ

ಮೊದಲನೆಯದಕ್ಕೆ ಕಾರಣ ‘ನೋಡಿಯಾಯ್ತು’ ಎಂಬ ಗುರುತು. ಸಾದಾ ಡೈಕ್ಸ್ಟ್ರಾ ಒಂದು ನೋಡಿಗೆ ಒಂದೇ ಉತ್ತರ ಇಟ್ಟುಕೊಳ್ಳುತ್ತದೆ. ಮಿತಿ ಬಂದ ಕೂಡಲೇ ಅದು ಸಾಲದು. ಚಿಕ್ಕ ಉದಾಹರಣೆ: ಹೊರಡುವಾಗ 10 ಯೂನಿಟ್. ‘ಅ’ದಿಂದ ‘ಬ’ಗೆ ಎರಡು ರಸ್ತೆ: ಒಂದು 30 ನಿಮಿಷ, 7 ಯೂನಿಟ್, ಇನ್ನೊಂದು 45 ನಿಮಿಷ, 4 ಯೂನಿಟ್. ‘ಬ’ದಿಂದ ‘ಕ’ಗೆ ಒಂದೇ ರಸ್ತೆ: 40 ನಿಮಿಷ, 5 ಯೂನಿಟ್. ಡೈಕ್ಸ್ಟ್ರಾ ‘ಬ’ಗೆ 30 ನಿಮಿಷದಲ್ಲಿ ಬಂದು ಬಾಗಿಲು ಹಾಕಿಕೊಳ್ಳುತ್ತದೆ, ಕೈಯಲ್ಲಿ 3 ಯೂನಿಟ್, ಬೇಕಿರುವುದು 5. ನಿಧಾನದ ರಸ್ತೆಯಲ್ಲಿ ಬಂದಿದ್ದರೆ 85 ನಿಮಿಷಕ್ಕೆ 1 ಯೂನಿಟ್ ಉಳಿಸಿಕೊಂಡು ‘ಕ’ ಮುಟ್ಟುತ್ತಿತ್ತು.

ಆದ್ದರಿಂದ ಪ್ರತಿ ನೋಡಿನಲ್ಲಿ (ಸಮಯ, ಚಾರ್ಜ್) ಲೇಬಲ್‌ಗಳ ಒಂದು ಗುಂಪು ಬೇಕು. ಒಂದು ಲೇಬಲನ್ನು ಎಸೆಯಬೇಕಾದರೆ ಇನ್ನೊಂದು ಲೇಬಲ್ ಅದಕ್ಕಿಂತ ತಡವಾಗದೆಯೂ ಬಂದಿರಬೇಕು, ಅದಕ್ಕಿಂತ ಕಡಿಮೆಯಿಲ್ಲದ ಚಾರ್ಜೂ ಹೊಂದಿರಬೇಕು. ಎರಡರಲ್ಲಿ ಒಂದರಲ್ಲಾದರೂ ಮೇಲುಗೈ ಇದ್ದರೆ ಅದು ಉಳಿಯಬೇಕು.

ಕೇಳಲು ಭಾರ ಅನ್ನಿಸುತ್ತದೆ, ಬರೆಯುವುದು ಸುಲಭ. ಲೇಬಲ್ಲುಗಳನ್ನು ಹೀಪಿನಲ್ಲಿ, ಅಂದರೆ ಅತಿ ಕಡಿಮೆಯದನ್ನು ಮೊದಲು ಕೊಡುವ ಸಾಲಿನಲ್ಲಿ ಇಡಿ. ಹೀಪಿನಿಂದ ಲೇಬಲ್‌ಗಳು ಸಮಯದ ಕ್ರಮದಲ್ಲೇ ಹೊರಬರುತ್ತವೆ. ಅಂದರೆ ಈ ನೋಡಿಗೆ ಮೊದಲೇ ಬಂದವೆಲ್ಲ ಈಗ ಬಂದದ್ದಕ್ಕಿಂತ ಬೇಗ ಅಥವಾ ಸಮ. ಹಾಗಾಗಿ ಪೂರ್ತಿ ಗುಂಪನ್ನು ಹೋಲಿಸಬೇಕಿಲ್ಲ. ಈ ನೋಡಿನಲ್ಲಿ ಇದುವರೆಗೆ ಕಂಡ ಅತಿ ಹೆಚ್ಚು ಚಾರ್ಜ್ ಎಷ್ಟು ಎಂಬ ಒಂದೇ ಸಂಖ್ಯೆ ಸಾಕು.

```
ಸಾಲು = [(ಸಮಯ 0, ಚಾರ್ಜ್ 27, ಹೊರಡುವ ನೋಡ್)]
ಗರಿಷ್ಠ[ಪ್ರತಿ ನೋಡ್] = −1
ಸಾಲು ಖಾಲಿಯಾಗುವ ತನಕ:
    ಅತಿ ಕಡಿಮೆ ಸಮಯದ (ಸ, ಚ, ನ) ತೆಗೆ
    ಚ ≤ ಗರಿಷ್ಠ[ನ] ಆದರೆ ಬಿಡು
    ಗರಿಷ್ಠ[ನ] = ಚ
    ನ ಗುರಿಯಾದರೆ ನಿಲ್ಲು
    ನ ಇಂದ ಹೊರಡುವ ಪ್ರತಿ ಎಡ್ಜಿಗೆ:
        ಚ < ಎಡ್ಜಿನ ಪ್ರವೇಶಮಿತಿ ಆದರೆ ಬಿಡು
        ಹೊಸ = ಕನಿಷ್ಠ(ಚ − ಖರ್ಚು, ಮೇಲ್ಮಿತಿ)
        ಹೊಸ > ಗರಿಷ್ಠ[ಮುಂದಿನ ನೋಡ್] ಆದರೆ ಸಾಲಿಗೆ ಸೇರಿಸು
```

ಪ್ರವೇಶಮಿತಿ ಅಂದರೆ ಎಡ್ಜ್ ದಾಟಲು ಶುರುವಿನಲ್ಲಿ ಇರಬೇಕಾದ ಚಾರ್ಜ್, ಮೇಲ್ಮಿತಿ ಅಂದರೆ ಅದರ ಕೊನೆಯಲ್ಲಿ ಉಳಿಯಬಹುದಾದ ಗರಿಷ್ಠ ಚಾರ್ಜ್. ಸಮಯ ಸಮವಾದರೆ ಹೆಚ್ಚು ಚಾರ್ಜಿನ ಲೇಬಲ್ ಮೊದಲು ಬರಲಿ. ಹೀಪಿಗೆ ಚಾರ್ಜನ್ನು ಋಣ ಚಿಹ್ನೆ ಹಾಕಿ ಕೊಟ್ಟರೆ ಆಯಿತು. 10% ಮೀಸಲನ್ನು ಮೊದಲೇ ಕಳೆದು ಬ್ಯಾಟರಿ 27 ಯೂನಿಟ್ ಅಂದುಕೊಂಡಿದ್ದೇನೆ. ಆದರೆ ಚಾರ್ಜಿಂಗ್ ವೇಗ ನೋಡುವಾಗ ಆ 3 ಯೂನಿಟ್ ವಾಪಸ್ ಕೂಡಿಸಿ ನೋಡಬೇಕು, ಮರೆತರೆ 80% ಗೆರೆ (ಅದರ ಮೇಲೆ ಚಾರ್ಜಿಂಗ್ ನಿಧಾನ) ತಪ್ಪು ಜಾಗದಲ್ಲಿ ಬೀಳುತ್ತದೆ.

‘ಒಂದು ನೋಡಿಗೆ ಎರಡನೇ ಸಲ ಹೋಗಬಾರದು’ ಎಂಬ ನಿಯಮ ಬೇರೆ ಎಲ್ಲಾದರೂ ಅಡಗಿದ್ದರೆ ತೆಗೆದುಹಾಕಿ. ಹೆದ್ದಾರಿಯಿಂದ ಎರಡು ಕಿ.ಮೀ. ಒಳಗಿರುವ ಚಾರ್ಜರಿಗೆ ಹೋಗಿ ಅದೇ ಜಂಕ್ಷನ್ನಿಗೆ ಮರಳುವುದು ಇಲ್ಲಿ ಸರಿಯಾದ ದಾರಿಯೇ.

ಋಣ ಎಡ್ಜಿನ ಭಯ ಇಲ್ಲಿ ಬೇಡ. ಹೀಪನ್ನು ಜೋಡಿಸುವುದು ಸಮಯ. ಸಮಯ ಎಂದೂ ಋಣವಾಗುವುದಿಲ್ಲ. ಚಾರ್ಜ್ ಏರಲಿ ಇಳಿಯಲಿ, ಕ್ರಮ ಕೆಡುವುದಿಲ್ಲ.

---

ಮಲೆನಾಡ್ ಮ್ಯಾಪರ್

ನೆಲಮಂಗಲದ ಕಥೆ ರೌಂಡಿಂಗ್‌ನದು. ನಿಮ್ಮ ಎಡ್ಜುಗಳು ಸರಾಸರಿ 100 ಮೀಟರ್ ಇರಬಹುದು. ಅಷ್ಟು ದೂರಕ್ಕೆ ನಿಜ ಖರ್ಚು 0.013 ಯೂನಿಟ್ ಆಸುಪಾಸು. ಅದನ್ನು 0.1ರ ಮೆಟ್ಟಿಲಿಗೆ ಮೇಲಕ್ಕೆ ಏರಿಸಿದರೆ ಎಂಟು ಪಟ್ಟು ಆಗುತ್ತದೆ: 27 ಯೂನಿಟ್, 270 ಎಡ್ಜ್, 27 ಕಿ.ಮೀ. ಸರಿಯಾಗಿ ನೆಲಮಂಗಲ! ಕೆಳಕ್ಕೆ ಇಳಿಸಿದ್ದರೆ ಇನ್ನೂ ಮಜಾ, ಖರ್ಚು ಸೊನ್ನೆಯಾಗಿ ಮಂಗಳೂರಿನ ತನಕ ಪುಕ್ಕಟೆ ಪ್ರಯಾಣ. ವ್ಯಾಟ್-ಗಂಟೆಯ ಪೂರ್ಣಾಂಕಕ್ಕೆ ಹೋದರೂ 3,500 ಎಡ್ಜಿಗೆ ಸರಾಸರಿ ಅರ್ಧರ್ಧ ಸೇರಿ 1.75 ಯೂನಿಟ್ ತಪ್ಪು ಕೂಡಿಕೊಳ್ಳುತ್ತದೆ. ಮೇಲೆ ಹೇಳಿದ ಲೇಬಲ್ ವಿಧಾನಕ್ಕೆ ಮೆಟ್ಟಿಲೇ ಬೇಡ, ದಶಮಾಂಶದಲ್ಲೇ ಬಿಡಿ.

ಜಂಕ್ಷನ್ ಅಲ್ಲದ, ಬರೀ ತಿರುವಿಗಾಗಿ ಇರುವ ನೋಡುಗಳನ್ನು ಮೊದಲು ಸರಪಳಿಯಾಗಿ ಬೆಸೆದುಬಿಡಿ. ಗ್ರಾಫ್ ಎಷ್ಟೋ ಪಟ್ಟು ಕುಗ್ಗುತ್ತದೆ. ಬೆಸೆಯುವಾಗ ಖರ್ಚುಗಳನ್ನು ಬರೀ ಕೂಡಿದರೆ ಮಾತ್ರ ಕೆಡುತ್ತದೆ. 2 ಯೂನಿಟ್ ಏರಿ 2 ಯೂನಿಟ್ ಇಳಿಯುವ ಗುಡ್ಡದ ಮೊತ್ತ ಸೊನ್ನೆ. ಆದರೆ 1 ಯೂನಿಟ್ ಇಟ್ಟುಕೊಂಡು ಹೊರಟವನು ಗುಡ್ಡದ ಅರ್ಧಕ್ಕೆ ನಿಲ್ಲುತ್ತಾನೆ. ಮೊದಲು ಇಳಿದು ಆಮೇಲೆ ಏರುವುದಾದರೆ ತೊಂದರೆ ಇನ್ನೊಂದು ತುದಿಯಲ್ಲಿ: ಬ್ಯಾಟರಿ ತುಂಬಿದ್ದರೆ ಇಳಿಯುವಾಗ ಬಂದದ್ದು ಒಳಗೆ ಹೋಗುವುದೇ ಇಲ್ಲ, ಏರುವಾಗ ಮಾತ್ರ 2 ಯೂನಿಟ್ ಹೋಗುತ್ತದೆ.

ಅದಕ್ಕೇ ಪ್ರತಿ ಎಡ್ಜಿಗೆ ಮೂರು ಸಂಖ್ಯೆ ಬೇಕು: ಪ್ರವೇಶಮಿತಿ, ಖರ್ಚು, ಮೇಲ್ಮಿತಿ (ಆ ತುದಿಯಲ್ಲಿ ಉಳಿಯಬಹುದಾದ ಗರಿಷ್ಠ ಚಾರ್ಜ್). ಖರ್ಚು ಧನವಾಗಿದ್ದರೆ ಪ್ರವೇಶಮಿತಿ ಖರ್ಚಿನಷ್ಟೇ, ಮೇಲ್ಮಿತಿ 27 − ಖರ್ಚು. ಋಣವಾಗಿದ್ದರೆ ಪ್ರವೇಶಮಿತಿ 0, ಮೇಲ್ಮಿತಿ 27. ಒಂದರ ಹಿಂದೆ ಒಂದನ್ನು ಬೆಸೆಯುವ ಸೂತ್ರ:

```
ಪ್ರವೇಶಮಿತಿ = ಗರಿಷ್ಠ(ಪ್ರವೇಶಮಿತಿ1, ಖರ್ಚು1 + ಪ್ರವೇಶಮಿತಿ2)
ಖರ್ಚು = ಖರ್ಚು1 + ಖರ್ಚು2
ಮೇಲ್ಮಿತಿ = ಕನಿಷ್ಠ(ಮೇಲ್ಮಿತಿ1 − ಖರ್ಚು2, ಮೇಲ್ಮಿತಿ2)
```

ಮೇಲ್ಮಿತಿ1 < ಪ್ರವೇಶಮಿತಿ2 ಆದರೆ ಆ ಸರಪಳಿ ಈ ಬ್ಯಾಟರಿಗೆ ದಾಟಲಾಗದ್ದು, ಅಳಿಸಿಬಿಡಿ. ಹೆಚ್ಚು ಚಾರ್ಜಿನಿಂದ ಹೊರಟವನು ಕೊನೆಗೆ ಕಡಿಮೆ ಚಾರ್ಜಿಗೆ ಬೀಳುವುದು ಈ ರೂಪದಲ್ಲಿ ಸಾಧ್ಯವೇ ಇಲ್ಲ; ಶೂನ್ಯಸೂಚ್ಯಂಕ ಅವರ ಎಸೆಯುವ ನಿಯಮ ನಿಂತಿರುವುದೂ ಅದರ ಮೇಲೆಯೇ. ಐಸ್ನರ್, ಫುಂಕೆ, ಸ್ಟೋರಾಂಟ್ ಎಂಬ ಮೂವರು 2011ರಲ್ಲಿ ದೊಡ್ಡ ರಸ್ತೆಜಾಲಗಳಿಗೆ ಇದನ್ನು ತೋರಿಸಿಕೊಟ್ಟರು.

ಇನ್ನು ಖರ್ಚಿನ ಲೆಕ್ಕ. ಜನರೂ ಸೇರಿ 1,600 ಕಿಲೋ, ಉರುಳು ಗುಣಾಂಕ 0.010, ಗಾಳಿ ಗುಣಾಂಕ × ಮುಂಭಾಗದ ವಿಸ್ತೀರ್ಣ 0.75 ಚ.ಮೀ. ಅಂತ ಹಿಡಿಯಿರಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಟೈರಿಗೆ 157 ನ್ಯೂಟನ್, ಗಾಳಿಗೆ ಸುಮಾರು 213. ಒಟ್ಟು 370 ನ್ಯೂಟನ್ ಅಂದರೆ ಕಿ.ಮೀ.ಗೆ ಚಕ್ರದಲ್ಲಿ 103 ವ್ಯಾಟ್-ಗಂಟೆ. ಮೋಟಾರ್-ಇನ್ವರ್ಟರ್ ದಕ್ಷತೆ 85% ಹಿಡಿದರೆ 121, ಒಂದು ಕಿಲೋವ್ಯಾಟ್ ಏಸಿಗೆ ಇನ್ನೊಂದು 12. ಒಟ್ಟು 133.

ಘಾಟಿಯಲ್ಲಿ ಬಹಳ ಜನ ಎಡವುತ್ತಾರೆ. ಸಕಲೇಶಪುರದಿಂದ ಗುಂಡ್ಯದ ಕಡೆಗೆ ಸುಮಾರು 800 ಮೀಟರ್ ಇಳಿತ. ಈ ತೂಕಕ್ಕೆ ಮೀಟರಿಗೆ 4.36 ವ್ಯಾಟ್-ಗಂಟೆ, ಒಟ್ಟು 3.5 ಯೂನಿಟ್. ‘ಮೂರೂವರೆ ಯೂನಿಟ್ ವಾಪಸ್ ಬರುತ್ತೆ’ ಅಂತ ಹಾಕಿಬಿಡುತ್ತಾರೆ. ಇಳಿತ 30 ಕಿ.ಮೀ. ಹರಡಿದೆ, ವೇಗ 40 ಅಂದುಕೊಳ್ಳಿ: ಟೈರು ಮತ್ತು ಗಾಳಿಯೇ 1.75 ಯೂನಿಟ್ ತಿನ್ನುತ್ತವೆ. ಮಿಕ್ಕದ್ದರಲ್ಲಿ ಬ್ಯಾಟರಿಗೆ ಸೇರುವುದು 70%, ಅಂದರೆ 1.2. ಮುಕ್ಕಾಲು ಗಂಟೆಯ ಏಸಿ 0.75 ತೆಗೆದರೆ ಉಳಿಯುವುದು ಅರ್ಧ ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಅದೇ ರಸ್ತೆಯನ್ನು ಹತ್ತಲು 6.9 ಯೂನಿಟ್. ಎಡ್ಜುಗಳು ಎರಡೂ ದಿಕ್ಕಿಗೆ ಬೇರೆ ಬೇರೆ ಇರಲೇಬೇಕು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಎಸ್‌ಆರ್‌ಟಿಎಂ ಜಾಲ ಸುಮಾರು 30 ಮೀಟರಿನದು. ಶಿರಾಡಿಯಂಥ ಕಡೆ ರಸ್ತೆಯ ಒಂದು ಪಕ್ಕ ಗೋಡೆಯಂತೆ ಗುಡ್ಡ, ಇನ್ನೊಂದು ಪಕ್ಕ ಕಣಿವೆ. ಗೆರೆ ಸ್ವಲ್ಪ ಜರುಗಿದರೂ ಎತ್ತರ ಗರಗಸದ ಹಲ್ಲಿನಂತೆ ಬರುತ್ತದೆ. ಪ್ರತಿ 100 ಮೀಟರಿಗೆ 6 ಮೀಟರ್ ಸುಳ್ಳು ಏರು, ಮುಂದಿನ 100ಕ್ಕೆ 6 ಮೀಟರ್ ಸುಳ್ಳು ಇಳಿತ ಬಂದರೆ ಸಮತಟ್ಟು ರಸ್ತೆಯಲ್ಲೂ ಕಿ.ಮೀ.ಗೆ 38 ವ್ಯಾಟ್-ಗಂಟೆ ಹೆಚ್ಚುತ್ತದೆ, ಏಕೆಂದರೆ ಹತ್ತುವಾಗ ಕೊಟ್ಟದ್ದು ಇಳಿಯುವಾಗ ಪೂರ್ತಿ ಬರುವುದಿಲ್ಲ. ಮೊದಲು ರಸ್ತೆಯುದ್ದಕ್ಕೂ 50 ಮೀಟರಿಗೊಂದು ಬಿಂದು ತೆಗೆಯಿರಿ, ಚಲಿಸುವ ಸರಾಸರಿಯಿಂದ ನಯ ಮಾಡಿ, ಹೆದ್ದಾರಿಯಲ್ಲಿ 10%ಗಿಂತ ಕಡಿದಾದ ಇಳಿಜಾರು ಉಳಿದರೆ ಕತ್ತರಿಸಿ. ಸೇತುವೆಗಳಿಗೆ ಎತ್ತರ ಓದಲೇಬೇಡಿ. ಎರಡು ತುದಿಯ ಎತ್ತರಕ್ಕೆ ನೇರ ಗೆರೆ ಎಳೆಯಿರಿ, ಇಲ್ಲದಿದ್ದರೆ ಕಾರು ಹೊಳೆಗಿಳಿದು ಹತ್ತುತ್ತದೆ.

---

ಲ್ಯಾಂಬ್ಡಾ

ಇಷ್ಟೆಲ್ಲ ಯಾಕೆ? ಬೆಲೆಯನ್ನು ‘ಸಮಯ + ದರ × ಖರ್ಚು’ ಮಾಡಿ. ದರ ಸೊನ್ನೆಯಿಂದ ಶುರು, ಬ್ಯಾಟರಿ ಸಾಲದಿದ್ದರೆ ಏರಿಸಿ, ಮಿಕ್ಕರೆ ಇಳಿಸಿ. ಹತ್ತು-ಹದಿನೈದು ಸಲ ಸಾದಾ ಡೈಕ್ಸ್ಟ್ರಾ ಓಡಿಸಿದರೆ ಮುಗೀತು. ಹ್ಯಾಂಡ್ಲರ್ ಮತ್ತು ಝಾಂಗ್ ಎಂಬ ಸಂಶೋಧಕರು 1980ರಲ್ಲೇ ಮಾಡಿದ್ದಾರೆ.

---

ಶೂನ್ಯಸೂಚ್ಯಂಕ

@ಲ್ಯಾಂಬ್ಡಾ, ಅವರು ಅಲ್ಲಿಗೆ ನಿಲ್ಲಿಸಲಿಲ್ಲವಲ್ಲ. ದರದಿಂದ ಸಿಗುವುದು ಕೆಳಮಿತಿ. ಅದಕ್ಕೂ ಕೈಯಲ್ಲಿರುವ ದಾರಿಗೂ ನಡುವೆ ಉಳಿದ ಅಂತರವನ್ನು ಮುಚ್ಚಲು ಮುಂದಿನ ದಾರಿಗಳನ್ನು ಒಂದೊಂದಾಗಿ ಎಣಿಸಬೇಕು. ಉದಾಹರಣೆಗೆ ಮೂರು ದಾರಿ: (100 ನಿಮಿಷ, 30 ಯೂನಿಟ್), (130, 24), (140, 18). ಮಿತಿ 25. ಸರಿಯಾದ ಉತ್ತರ ನಡುವಿನದು. ದರವನ್ನು ಯೂನಿಟ್ಟಿಗೆ 3.33 ನಿಮಿಷ ಇಟ್ಟರೆ ಮೊದಲನೆಯದೂ ಮೂರನೆಯದೂ 200ಕ್ಕೆ ಸಮ, ನಡುವಿನದು 210. ದರ ಅದಕ್ಕಿಂತ ಕಡಿಮೆಯಾದರೆ ಮೊದಲನೆಯದು ಗೆಲ್ಲುತ್ತದೆ, ಹೆಚ್ಚಾದರೆ ಮೂರನೆಯದು. ಯಾವ ದರಕ್ಕೂ 130 ಹೊರಬರುವುದಿಲ್ಲ. ನಿಮ್ಮ ಪ್ರೋಗ್ರಾಂ 140 ಕೊಟ್ಟು ಸುಮ್ಮನಾಗುತ್ತದೆ. ಸಿಗುವ ಕೆಳಮಿತಿ 200 − 3.33 × 25, ಅಂದರೆ 116.7 ನಿಮಿಷ. ಉತ್ತರ 116.7ಕ್ಕೂ 140ಕ್ಕೂ ನಡುವೆ ಎಲ್ಲೋ ಇದೆ ಎಂಬುದಷ್ಟೇ ಗೊತ್ತಾಗುತ್ತದೆ.

ಅದಲ್ಲದೆ ದರದ ವಿಧಾನ ನೋಡುವುದು ದಾರಿಯ ಒಟ್ಟು ಖರ್ಚನ್ನು. ನಡುವೆ ಬ್ಯಾಟರಿ ಸೊನ್ನೆ ಮುಟ್ಟಿತೇ, ತುಂಬಿ ಹರಿಯಿತೇ, ಚಾರ್ಜ್ ಮಾಡಿದರೇ ಎಂಬುದು ಅದಕ್ಕೆ ಕಾಣುವುದಿಲ್ಲ. ಡೆಲಿವರಿ ವ್ಯಾನಿನ ಟೋಲ್ ಬಜೆಟ್‌ನಂಥ ಏಕಮುಖ ಮಿತಿಗೆ ಅದು ಚೆನ್ನ. ಇಲ್ಲಿ ಅಲ್ಲ.

ಸಮಸ್ಯೆ ಎನ್‌ಪಿ-ಕಠಿಣ (ಎಲ್ಲ ಸಂದರ್ಭಕ್ಕೂ ಬೇಗ ಬಿಡಿಸುವ ವಿಧಾನ ಯಾರಿಗೂ ಗೊತ್ತಿಲ್ಲದ್ದು) ಎಂಬುದು ನಿಜ. ಆದರೆ ನಿಜವಾದ ರಸ್ತೆಗಳಲ್ಲಿ ಬೇಗದ ರಸ್ತೆಗಳೂ ಮಿತವ್ಯಯದ ರಸ್ತೆಗಳೂ ಬಹುಪಾಲು ಒಂದೇ ಹೆದ್ದಾರಿ, ಹಾಗಾಗಿ ಒಂದು ನೋಡಿನಲ್ಲಿ ಉಳಿಯುವ ಲೇಬಲ್‌ಗಳ ಸಂಖ್ಯೆ ಹೆದರಿಸುವಷ್ಟು ಬೆಳೆಯುವುದಿಲ್ಲ.

---

ಆಂಪಿಯರ್ ಅಣ್ಣ

ಚಾರ್ಜಿಂಗ್ ಬಗ್ಗೆ. ಪ್ರತಿ ಚಾರ್ಜರನ್ನು ಎರಡು ನೋಡ್ ಮಾಡಿ: ‘ರಸ್ತೆ ಬದಿ’ ಮತ್ತು ‘ಪ್ಲಗ್’. ರಸ್ತೆಯಿಂದ ಪ್ಲಗ್‌ಗೆ 8 ನಿಮಿಷದ ಎಡ್ಜ್: ನಿಲ್ಲಿಸು, ಆ್ಯಪ್ ತೆರೆ, ದುಡ್ಡು ಹಾಕು, ಗನ್ ಚುಚ್ಚು. ಪ್ಲಗ್‌ನಿಂದ ಪ್ಲಗ್‌ಗೇ ಒಂದು ಕುಣಿಕೆ ಎಡ್ಜ್: ಅರ್ಧ ಯೂನಿಟ್ ಸೇರಿಸುತ್ತದೆ, ಅದರ ಸಮಯ ಆಗಿನ ಚಾರ್ಜಿನ ಮೇಲೆ ನಿಂತಿರುತ್ತದೆ. ಪ್ಲಗ್‌ನಿಂದ ರಸ್ತೆಗೆ 0 ನಿಮಿಷ. ಎಷ್ಟು ತುಂಬಿಸಬೇಕು ಎಂಬ ಪ್ರಶ್ನೆಯೇ ಇರುವುದಿಲ್ಲ, ಹೀಪ್ ನೋಡಿಕೊಳ್ಳುತ್ತದೆ. ಶುರುವಿನ 8 ನಿಮಿಷ ಒಂದೇ ಸಲ ಬೀಳಲೆಂದೇ ಎರಡು ನೋಡ್. ಒಂದೇ ನೋಡಿನಲ್ಲಿ ಮಾಡಿದರೆ ಒಂದೋ ಪ್ರತಿ ಅರ್ಧ ಯೂನಿಟ್ಟಿಗೂ 8 ನಿಮಿಷ ಕೂಡುತ್ತದೆ, ಇಲ್ಲವೇ ಒಮ್ಮೆಯೂ ಕೂಡುವುದಿಲ್ಲ.

ವೇಗದ ರೇಖೆ ನಿಮ್ಮ ಕಾರಿನದನ್ನೇ ಅಳೆದು ಹಾಕಿ. ಉದಾಹರಣೆಗೆ 30 ಕಿಲೋವ್ಯಾಟ್ ಚಾರ್ಜರಿನಲ್ಲಿ 80% ತನಕ ಯೂನಿಟ್ಟಿಗೆ 2 ನಿಮಿಷ, 80–90ಕ್ಕೆ 4, ಅಲ್ಲಿಂದ ಮೇಲೆ 8 ಅಂದುಕೊಳ್ಳೋಣ. ಮ್ಯಾಪರ್ ಅವರ 133ರ ಲೆಕ್ಕದಲ್ಲಿ ಹಾಸನಕ್ಕೆ ಸುಮಾರು 185 ಕಿ.ಮೀ., 24.6 ಯೂನಿಟ್ ಹೋಗಿ ಉಳಿಯುವುದು 2.4. ಮುಂದೆ ಸಕಲೇಶಪುರಕ್ಕೆ 5.3, ಘಾಟಿಯಲ್ಲಿ ಅರ್ಧ ವಾಪಸ್, ಕೆಳಗಿನ 95 ಕಿ.ಮೀ.ಗೆ 12.6, ಒಟ್ಟು 17.4. ಹಾಸನದಲ್ಲಿ 15 ಯೂನಿಟ್ ತುಂಬಿಸಿದರೆ ಸಾಕು: 30 ನಿಮಿಷ, ಶುರುವಿನದು ಸೇರಿ 38. ಬ್ಯಾಟರಿ 68%ಗೆ ನಿಲ್ಲುತ್ತದೆ. ಅಲ್ಲೇ ಫುಲ್ ಮಾಡಿದರೆ 81 ನಿಮಿಷ. ಆ 43 ನಿಮಿಷ ನಿಮ್ಮ ‘ವಿಪರೀತ’ದ ದೊಡ್ಡ ಪಾಲು.

ಉತ್ತರ ಸರಿಯಿದೆಯೇ ಎಂದು ಕಣ್ಣಲ್ಲೇ ನೋಡಲು ಒಂದು ಉಪಾಯ: ಮುಂದಿನ ಚಾರ್ಜರ್ ಹೆಚ್ಚು ವೇಗದ್ದಾದರೆ ಇಲ್ಲಿ ಅಲ್ಲಿಗೆ ಮುಟ್ಟುವಷ್ಟು ಮಾತ್ರ ತುಂಬಿರಬೇಕು.

---

ದಾರಿಹೋಕ_75

ಮೂರು ಸಂಖ್ಯೆಯ ಎಡ್ಜ್ ಮತ್ತು ಪ್ಲಗ್ ನೋಡ್ ಹಾಕಿದ ಮೇಲೆ ಹೋಗುವ ದಾರಿ ಹಾಸನದಲ್ಲಿ ಒಂದೇ ನಿಲುಗಡೆ ಕೊಡುತ್ತಿದೆ. ಮರಳುವಾಗ ಮಾತ್ರ ಹಾಸನ, ಚನ್ನರಾಯಪಟ್ಟಣ ಎರಡೂ ಕಡೆ ನಿಲ್ಲಿಸುತ್ತದೆ. ಬಗ್ ಇರಬಹುದೇ? ಜೊತೆಗೆ ಇಡೀ ರಾಜ್ಯದ ಗ್ರಾಫ್ ಹಾಕಿದರೆ ಬಳ್ಳಾರಿ, ಬೀದರ್ ಕಡೆಗೂ ಹುಡುಕಿಕೊಂಡು ಹೋಗುತ್ತದೆ.

---

ಆಂಪಿಯರ್ ಅಣ್ಣ

ಬಗ್ ಅಲ್ಲ. ಮಂಗಳೂರಿಂದ ಫುಲ್ ಹೊರಟು ಹಾಸನಕ್ಕೆ 24.8 ಹೋಗುತ್ತದೆ, ಉಳಿಯುವುದು 2.2. ಬೆಂಗಳೂರಿಗೆ 24.6 ಬೇಕು, ಅಂದರೆ 22.4 ತುಂಬಿಸಬೇಕು. ಹಾಸನದಲ್ಲೇ ಮುಗಿಸಲು ಬ್ಯಾಟರಿ 92% ತನಕ ಹೋಗಬೇಕು: 54.4 ನಿಮಿಷ, ಮೇಲೆ 8, ಒಟ್ಟು 62.4. ಎರಡು ಕಡೆ ಹಂಚಿದರೆ ಎಲ್ಲವೂ 80%ರ ಕೆಳಗೇ ಆಗುತ್ತದೆ: 44.8 + 16 = 60.8. ಒಂದೂವರೆ ನಿಮಿಷ ಉಳಿಸಲು ಇನ್ನೊಂದು ಸಲ ಗನ್ ಚುಚ್ಚಿಸುತ್ತಿದೆ. ಗಣಿತ ಸರಿ, ಡ್ರೈವರ್ ಬಯ್ಯುತ್ತಾನೆ. ಪ್ರತಿ ನಿಲುಗಡೆಗೆ 10 ನಿಮಿಷದ ಕೃತಕ ದಂಡ ಸೇರಿಸಿ. ತೋರಿಸುವ ಸಮಯದಲ್ಲಿ ಅದನ್ನು ಕಳೆದುಬಿಡಿ.

ಆ 2.2ರ ಬಗ್ಗೆ ಹೆಚ್ಚು ಯೋಚಿಸಿ. ಮಳೆಗಾಲದಲ್ಲಿ ನೀರು ನಿಂತ ರಸ್ತೆಗೆ ಉರುಳು ಗುಣಾಂಕ 0.010ರ ಬದಲು 0.012 ಹಾಕಿದರೆ ಕಿ.ಮೀ.ಗೆ 10 ವ್ಯಾಟ್-ಗಂಟೆ ಏರುತ್ತದೆ, 165 ಕಿ.ಮೀ.ಗೆ 1.7 ಯೂನಿಟ್. ಉಳಿಯುವುದು ಅರ್ಧ ಯೂನಿಟ್. ಹತ್ತುವ ದಿಕ್ಕಿಗೆ ಖರ್ಚನ್ನು 10% ಏರಿಸಿ ಮತ್ತೊಮ್ಮೆ ಓಡಿಸಿ. ಆಗ ಘಾಟಿ ಬುಡದಲ್ಲಿ ಒಂದು ಚಾರ್ಜರ್ ತಾನಾಗಿ ದಾರಿಗೆ ಬರಬೇಕು. ಬರದಿದ್ದರೆ ಆಗ ಬಗ್ ಹುಡುಕಿ.

---

ಶೂನ್ಯಸೂಚ್ಯಂಕ

ಬೀದರ್ ಪ್ರಯಾಣ ತಪ್ಪಿಸಲು ಗುರಿಯಿಂದ ಹಿಮ್ಮುಖವಾಗಿ ಎರಡು ಡೈಕ್ಸ್ಟ್ರಾ ಮೊದಲೇ ಓಡಿಸಿಡಿ.

ಒಂದು ಸಮಯದ್ದು: ಬ್ಯಾಟರಿ ಮಿತಿಯೇ ಇಲ್ಲವೆಂದುಕೊಂಡು ಪ್ರತಿ ನೋಡಿನಿಂದ ಗುರಿಗೆ ಕನಿಷ್ಠ ಸಮಯ. ಹೀಪಿನ ಕ್ರಮವನ್ನು ‘ಆದ ಸಮಯ + ಈ ಕನಿಷ್ಠ’ ಮಾಡಿದರೆ ಹುಡುಕಾಟ ಮಂಗಳೂರಿನ ಕಡೆಗೇ ತಿರುಗುತ್ತದೆ. ಒಂದೇ ನೋಡಿನ ಲೇಬಲ್‌ಗಳಿಗೆಲ್ಲ ಕೂಡುವುದು ಅದೇ ಸಂಖ್ಯೆ, ಆದ್ದರಿಂದ ಗರಿಷ್ಠ-ಚಾರ್ಜ್ ಪರೀಕ್ಷೆ ಹಾಗೆಯೇ ನಡೆಯುತ್ತದೆ.

ಇನ್ನೊಂದು ಶಕ್ತಿಯದು: ಪ್ರತಿ ನೋಡಿನಿಂದ ಗುರಿ ಅಥವಾ ಯಾವುದಾದರೂ ಚಾರ್ಜರಿಗೆ ಕನಿಷ್ಠ ಖರ್ಚು. ಲೇಬಲ್‌ನ ಚಾರ್ಜ್ ಅದಕ್ಕಿಂತ ಕಡಿಮೆಯಾದರೆ ಅಲ್ಲೇ ಎಸೆಯಿರಿ. ಋಣ ಎಡ್ಜ್ ನಿಜವಾಗಿ ಕಾಡುವುದು ಇಲ್ಲಿ, ಏಕೆಂದರೆ ಇಲ್ಲಿ ಬೆಲೆಯೇ ಖರ್ಚು. ಬೆಲ್‌ಮನ್-ಫೋರ್ಡ್ ಬೇಡ, ಎಡ್ಜಿನ ಬೆಲೆಯನ್ನು ‘ಖರ್ಚು + ಶುರುವಿನ ಎತ್ತರದ ಶಕ್ತಿ − ಕೊನೆಯ ಎತ್ತರದ ಶಕ್ತಿ’ ಮಾಡಿ, ಮೀಟರಿಗೆ 4.36 ವ್ಯಾಟ್-ಗಂಟೆಯಂತೆ. ಹತ್ತುವಾಗ ಕೊಡುವುದು ಎತ್ತರಕ್ಕಿಂತ ಹೆಚ್ಚು, ಇಳಿಯುವಾಗ ಬರುವುದು ಎತ್ತರಕ್ಕಿಂತ ಕಡಿಮೆ. ಹಾಗಾಗಿ ಯಾವ ಎಡ್ಜೂ ಋಣವಾಗುವುದಿಲ್ಲ. ಆದರೂ ಋಣ ಕಂಡರೆ ಖರ್ಚಿಗೆ ಒಂದು ಎತ್ತರ, ಇಲ್ಲಿಗೆ ಇನ್ನೊಂದು ಎತ್ತರ ಬಳಸಿದ್ದೀರಿ ಎಂದರ್ಥ. ನಯ ಮಾಡುವ ಮೊದಲಿನದನ್ನೋ ಆಮೇಲಿನದನ್ನೋ ಒಂದನ್ನೇ ಎರಡೂ ಕಡೆ ಹಾಕಿ.

ಗುರಿಗಳು ಹಲವು ಇರುವುದರಿಂದ ಒಂದು ಎಚ್ಚರ. ಹಿಮ್ಮುಖ ಹುಡುಕಾಟ ಶುರುವಾಗುವ ಜಾಗಗಳ ಆರಂಭಿಕ ಬೆಲೆ 0 ಅಲ್ಲ. ಆಯಾ ಜಾಗದ ಎತ್ತರದ ಶಕ್ತಿ. ಕೊನೆಗೆ ಸಿಕ್ಕ ಸಂಖ್ಯೆಯಿಂದ ಆ ನೋಡಿನ ಎತ್ತರದ ಶಕ್ತಿ ಕಳೆದರೆ ನಿಜ ಖರ್ಚು. 0 ಇಟ್ಟರೆ ಗುಂಡ್ಯದ ಚಾರ್ಜರಿಗಿಂತ ಸಕಲೇಶಪುರದ ಚಾರ್ಜರ್ 3.5 ಯೂನಿಟ್ ಅಗ್ಗವಾಗಿ ಕಾಣುತ್ತದೆ, ಕೆಳಮಿತಿ ಸುಳ್ಳಾಗುತ್ತದೆ. ಪರೀಕ್ಷೆಗೆ, ಕೆಳಮಿತಿ ಹಾಕಿ ಒಮ್ಮೆ, ಹಾಕದೆ ಒಮ್ಮೆ, ಯಾದೃಚ್ಛಿಕವಾಗಿ ಆರಿಸಿದ 200 ಜೋಡಿ ಊರುಗಳಿಗೆ ಓಡಿಸಿ. ಸಮಯ ಒಂದು ಸೆಕೆಂಡ್ ವ್ಯತ್ಯಾಸ ಬಂದರೂ ಆ ಜೋಡಿಯನ್ನು ಇಲ್ಲಿ ಹಾಕಿ, ನೋಡೋಣ.